ನಿದ್ದೆಯಲ್ಲಿ ಹೋದವನು

"ದಿಂಬಿನಡಿ ಸಿಕ್ಕಿದ ಈ ಮಾತ್ರೆಯ ಸ್ಟ್ರಿಪ್ ಯಾರದು?"

ಡಾಕ್ಟರಮ್ಮ ಕ್ಯಾಸ್ಮಿರನನ್ನು ಹಿಂದಿಯಲ್ಲಿ ಕೇಳಿದರು. ನಾಲ್ಕು ದಿನದ ಹಿಂದೆ ಪೊಲೀಸರು ಕೇಳಿದ್ದೂ ಇದನ್ನೇ. ಆಗ ಗೊತ್ತಿಲ್ಲ ಅಂದುಬಿಟ್ಟಿದ್ದ.

ಶವಾಗಾರದ ಗಾಜಿನಾಚೆ ಬಿಳಿ ಬಟ್ಟೆಯಡಿ ಗುರುವ ಮಲಗಿದ್ದ. ಕೊಲ್ಲಿ ದೇಶದ ಈ ಸೂರ್ ಬಂದರಿನಲ್ಲಿ ಮರದ ಹಡಗು ಕಟ್ಟುವ ಬಡಗಿ. ಎಂಟು ವರ್ಷ ಕ್ಯಾಸ್ಮಿರನ ಜೊತೆ ಒಂದೇ ಕೋಣೆಯಲ್ಲಿದ್ದವನು. ಅವನು ಏಳದ ಆ ಬೆಳಗಿನಿಂದ ಕ್ಯಾಸ್ಮಿರನಿಗೆ ಎಲ್ಲವೂ ನೀರಿನಡಿಯಲ್ಲಿ ನಡೆದಂತೆ ಕಾಣುತ್ತಿತ್ತು. ಮಸೀದಿಯ ಬಾಂಗು ಎಲ್ಲೋ ಆಳದಿಂದ ಕೇಳಿಸುತ್ತಿತ್ತು. ದಡದ ಮೇಲಿನ ಅರ್ಧ ಕಟ್ಟಿದ ಹಡಗುಗಳು ತೇಲಿ ಹೊರಟಂತೆ ಅನಿಸುತ್ತಿತ್ತು.

ಬೇಕೆಂದೇ ಮಾತ್ರೆ ನುಂಗಿ ಸತ್ತನಂತೆ ಎಂಬ ಸುದ್ದಿ ಆಗಲೇ ಕಾರ್ಕಳ ಮುಟ್ಟಿತ್ತು. ಗುರುವನ ಹೆಂಡತಿ ಕಾಂತಾಮಣಿ ಯಾರಿಗೂ ಮುಖ ತೋರಿಸುತ್ತಿರಲಿಲ್ಲ. ನಿಜ ಹೇಳಿದರೆ ತಾನು ಜೈಲಿಗೆ; ಹೇಳದಿದ್ದರೆ ಆ ಹೆಂಗಸಿಗೆ ಜನ್ಮವಿಡೀ ಈ ಮಾತು.

"ನನ್ನದು ಡಾಕ್ಟರ್," ಅಂದ ಕೊನೆಗೆ. "ನಿದ್ದೆ ಬರುವುದಿಲ್ಲ ಅಂತ ಒದ್ದಾಡುತ್ತಿದ್ದ. ಒಂದೇ ತಗೋ ಅಂತ ಸ್ಟ್ರಿಪ್ ಕೊಟ್ಟೆ. ನಾನೇ ಕೊಂದೆನಾ?"

ಡಾಕ್ಟರಮ್ಮ ಅವನತ್ತ ಕುರ್ಚಿ ಎಳೆದರು. "ಅವರು ತಗೊಂಡದ್ದೂ ಒಂದೇ. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಹೃದಯದ ರಕ್ತನಾಳ ಮುಚ್ಚಿಹೋಗಿತ್ತು, ಬಹಳ ಹಳೆಯ ತೊಂದರೆ. ನಿದ್ದೆಯಲ್ಲೇ ಹೋಗಿದ್ದಾರೆ. ಪೊಲೀಸರಿಗೂ ಹಾಗೇ ಬರೆಯುತ್ತೇನೆ." ಆಮೇಲೆ ಮೆಲ್ಲಗೆ ಅಂದರು, "ಆವತ್ತೇ ಹೇಳಿದ್ದರೆ ಇಷ್ಟು ದಿನ ಕಾಯಬೇಕಿರಲಿಲ್ಲ. ಈ ಹೊತ್ತಿಗೆ ಅವರು ಮನೆ ಸೇರಿರುತ್ತಿದ್ದರು."

ಕ್ಯಾಸ್ಮಿರ್ ತಲೆ ತಗ್ಗಿಸಿದ. ನಾಲ್ಕು ದಿನ ಬಾರದ ಅಳು ಆಗ ಬಂತು.

ಕೈಗೆ ಬಂದ ವರದಿಯನ್ನು ಹಿಡಿದು ಹೊರಗಿನ ಬೇವಿನ ಮರದ ನೆರಳಿನಲ್ಲಿ ನಿಂತು ಊರಿಗೆ ಫೋನ್ ಮಾಡಿದ. ಮಾತ್ರೆ ಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ಕಾಂತಾಮಣಿ ಎಲ್ಲ ಕೇಳಿಸಿಕೊಂಡು ಅಂದಳು,

"ನಿದ್ದೆಯಲ್ಲಿಯಾ ಕ್ಯಾಸ್ಮಿರಣ್ಣ?"

"ಹೌದಮ್ಮ. ನೋವೇ ಆಗ್ಲಿಲ್ಲವಂತೆ."

"ಡಾಕ್ಟ್ರು ಅಷ್ಟೆಲ್ಲ ನೋಡಿದ್ದಾರಲ್ಲ, ಆಗ ಅವರಿಗೆ ಎಂತ ಕನಸು ಬೀಳ್ತಾ ಇತ್ತು ಅಂತ ಬರ್ದಿದ್ದಾರಾ?"

ಕ್ಯಾಸ್ಮಿರ್ ವರದಿಯನ್ನು ಮೇಲಿಂದ ಕೆಳಗೆ ಓದಿದ. ಹಾಳೆ ಮಗುಚಿ, ಖಾಲಿ ಬೆನ್ನನ್ನೂ ನೋಡಿದ.