ಎರಡು ಹಿಡಿ ಹುಣಿಸೆಬೀಜ

"ಒಂದೊಂದೇ ಇಡಿ ಸಾ, ಇನ್ನೊಂದ್ಗಳ್ಗೆ ಬಾಳಬಹುದು," ಎಂದು ಗಾರೆ ಕೆಲಸದ ಚಿಕ್ಕಸ್ವಾಮಿ ರಾಜೇಂದ್ರ ಮೇಷ್ಟ್ರ ಬೆನ್ನ ಹಿಂದೆ ಪಿಸುಗುಟ್ಟಿದ.

"ಒಂದೊಂದೇ ಇಟ್ಟು ಸಾಯೋದ್ನ ಬಾಳೋದು ಅಂತೀಯೇನ್ಲಾ?"

ನರಸೀಪುರದ ಆ ಕ್ಲಬ್ಬಿನಲ್ಲಿ ಯುಗಾದಿ ದಿನದ ಪೋಕರ್ ಪಂದ್ಯ ಗೆದ್ದವನೇ ವರ್ಷದ ಕಾರ್ಯದರ್ಶಿ. ದುಡ್ಡಿನ ಬದಲು ಹುಣಿಸೆಬೀಜ. ಶುರುವಿನಲ್ಲಿ ಎಲ್ಲರಿಗೂ ಸಮ. ಬೀಜ ಮುಗಿದವನು ಎದ್ದು ಹೋಗಬೇಕು. ಈಗ ಉಳಿದವರು ಇಬ್ಬರೇ. ಅಕ್ಕಿ ಗಿರಣಿಯ ನಂಜೇಶನ ಮುಂದೆ ರಾಶಿ, ರಾಜೇಂದ್ರನ ಮುಂದೆ ಎರಡು ಹಿಡಿ. ಪ್ರತಿ ಆಟಕ್ಕೂ ನಡುವೆ ಇಡಲೇಬೇಕಾದ ಬೀಜ ಏರುತ್ತಲೇ ಇತ್ತು. ಸುಮ್ಮನೆ ಕಾದರೆ ಆ ಎರಡು ಹಿಡಿಯೂ ತಾನಾಗಿ ಸವೆಯುತ್ತದೆ.

ಕಾರ್ಯದರ್ಶಿಯಾದವನ ಕೈಗೆ ಕ್ಲಬ್ಬಿನ ಓದುಕೋಣೆ ಬರುತ್ತದೆ. ಅದರೊಳಗೆ ಕೇರಿಯ ಮಕ್ಕಳನ್ನು ಕೂರಿಸುತ್ತೇನೆಂದು ಹೇಳಿಯೇ ರಾಜೇಂದ್ರ ಆಟಕ್ಕೆ ಕೂತಿದ್ದ. "ಮೊದ್ಲು ಗೆಲ್ಲಿ ಮೇಷ್ಟ್ರೇ," ಎಂದು ನಂಜೇಶ್ ನಕ್ಕಿದ್ದ.

ಎಲೆ ಬಿತ್ತು. ರಾಜೇಂದ್ರನ ಐದು ಎಲೆಗೂ ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಆದರೂ ಎರಡೂ ಹಿಡಿಯನ್ನು ನಡುವಿಗೆ ನೂಕಿದ. ಎದುರಿನವನಿಗೆ ನೋವಾಗುವಷ್ಟು ಉಳಿದಿರುವಾಗಲೇ ನೂಕಬೇಕು. ಚಿಟಿಕೆಗೆ ಇಳಿದ ಮೇಲೆ ನೂಕಿದರೆ ಯಾರು ಹೆದರುತ್ತಾರೆ?

ನಂಜೇಶ್ ಅವನನ್ನು ನೋಡಿದ, ಹಿಂದೆ ನಿಂತ ಚಿಕ್ಕಸ್ವಾಮಿಯನ್ನೂ ನೋಡಿದ. "ನಿಮ್ಮೋರು ಕೈಲಿ ಗಟ್ಟಿ ಇಲ್ದೆ ನಮ್ಮೆದ್ರು ಈಪಾಟಿ ಎದೆ ಕೊಡಕಿಲ್ಲ ಬುಡಿ," ಎಂದು ತನ್ನ ಎಲೆ ಮಗುಚಿ ಆಟ ಬಿಟ್ಟುಕೊಟ್ಟ.

ಗೆದ್ದವನು ಎಲೆ ತೋರಿಸಬೇಕೆಂಬ ನಿಯಮವಿಲ್ಲ. ರಾಜೇಂದ್ರ ತೋರಿಸಿದ. ಎರಡು, ನಾಲ್ಕು, ಏಳು, ಎಂಟು, ಒಂದು ರಾಣಿ. ಚಿಕ್ಕಸ್ವಾಮಿ ನಗು ತಡೆಯಲಾರದೆ ಟವಲ್ಲನ್ನು ಬಾಯಿಗೆ ಒತ್ತಿಕೊಂಡ.

ಮುಂದಿನ ಆಟದಲ್ಲೂ ರಾಜೇಂದ್ರ ಇದ್ದುದನ್ನೆಲ್ಲ ನೂಕಿದ. ನಂಜೇಶನ ಕಿವಿ ಕೆಂಪಾಯಿತು. "ಇನ್ನೊಂದ್ ಸಲ ಟೋಪಿ ಆಕ್ತೀರಾ?" ಎಂದು ಅಷ್ಟೇ ಬೀಜ ಸುರಿದು, ತನ್ನ ಎರಡು ಎಕ್ಕಗಳನ್ನು ಬಡಿದಂತೆ ಬಿಡಿಸಿಟ್ಟ. ರಾಜೇಂದ್ರನದು ಮೂರು ಒಂಬತ್ತುಗಳು; ಜೋಡಿ ಎಕ್ಕಕ್ಕಿಂತ ಮೇಲು.

ಎರಡೂ ರಾಶಿ ಹೆಚ್ಚುಕಮ್ಮಿ ಸಮವಾದವು. ಅಷ್ಟಕ್ಕೇ ನಂಜೇಶ್ ಎಲೆಗಳನ್ನು ಒಟ್ಟುಮಾಡಿ ಪಕ್ಕಕ್ಕೆ ಸರಿಸಿದ. "ಯೋಚ್ನೆ ಮಾಡುದ್ರೆ, ಜೂಜಲ್ಲಿ ಕಾರ್ಯದರ್ಶಿ ಮಾಡೋದು ಮರ್ಯಾದಸ್ತರ ಲಕ್ಷಣ ಅಲ್ಲ ಮೇಷ್ಟ್ರೇ. ಎಲೆಕ್ಷನ್ ಮಡಗಣ."

ಇಷ್ಟು ವರ್ಷ ಅವನೇ ಗೆದ್ದಾಗ ಬಾರದಿದ್ದ ಯೋಚನೆ. ರಾಜೇಂದ್ರ ಕೈಚಾಚಿ ಎಲೆಗಳನ್ನು ಎಳೆದುಕೊಂಡು ಕಲಸತೊಡಗಿದ.

"ಮಡಗಣ ನಂಜೇಶ್. ಮುಂದಿನ ವರ್ಷ ನಾನೇ ನಿಂತು ನಡೆಸ್ಕೊಡ್ತೀನಿ. ಈಗ ಎಲೆ ಎತ್ಕಳಿ."