ಕೋಡಿಗೆ ತಂದ ಸೀರೆ

"ಗಾಡಿ ಬಿಟ್ಬಿಡೋ ಅಶ್ವತ್ಥ, ಹೋದ್ರೆ ಹೋಗ್ಲಿ," ಎಂದು ಲಕ್ಕಣ್ಣ ದಡದಿಂದ ಕೂಗಿದ. ಯಲಹಂಕ ಕೆರೆಯ ಕೋಡಿ ರಸ್ತೆಯ ಮೇಲೇ ಹರಿಯುತ್ತಿತ್ತು. ಅಂಚಿನ ಕಲ್ಲಿಗೆ ಸಿಕ್ಕಿಕೊಂಡ ಹೊಸ ಮೋಟಾರ್ ಸೈಕಲ್ಲನ್ನು ತಬ್ಬಿ ಅಶ್ವತ್ಥಪ್ಪ ಮಂಡಿಯೂರಿದ್ದ. ನೀರು ಅವನ ಎದೆಗೆ ಬಡಿಯುತ್ತಿತ್ತು. ಭಾನುವಾರದವರೆಗೆ ಕಾಡಂಚಿನಲ್ಲಿ ಗುಡಾರ ಹಾಕಿ ಇರೋಣವೆಂದು ಗೆಳೆಯರಿಬ್ಬರೂ ಮಳೆಯಲ್ಲೇ ಹೊರಟಿದ್ದರು. ಕೋಡಿ ದಾಟುವಾಗ ಗಾಡಿ ಜಾರಿ ಬಿದ್ದು, ಲಕ್ಕಣ್ಣ ಮಾತ್ರ ದಡ ಸೇರಿದ್ದ. ಗುಡಾರದ ಹಗ್ಗವೆಲ್ಲ ಬಿದ್ದ ಗಾಡಿಯ ಮೇಲೇ ಇತ್ತು.

ಕೆರೆ ಕೋಡಿ ಬಿದ್ದ ದಿನ ಗಂಗಮ್ಮನಿಗೆ ಸೀರೆ ಬಿಡುವುದು ಊರಿನ ಪದ್ಧತಿ. ಅದಕ್ಕೆಂದೇ ಹೆಂಗಸರು ದಡಕ್ಕೆ ಬಂದಿದ್ದರು. ಅವರಲ್ಲೊಬ್ಬಳಾದ ಮುನಿಗಂಗಮ್ಮನ ಮೊರದಲ್ಲಿದ್ದ ಹಸಿರು ಸೀರೆಗೆ ಆಗಲೇ ಕುಂಕುಮ ಇಟ್ಟಾಗಿತ್ತು. ಹಗ್ಗದ ಬದಲಿಗೆ ಆದೀತೆಂದು ಲಕ್ಕಣ್ಣ ಅದಕ್ಕೆ ಕೈ ಚಾಚಿದ.

"ಮುಟ್ಬೇಡ. ಅದು ಅವಳ್ದು," ಎಂದಳು ಮುನಿಗಂಗಮ್ಮ.

ಅಷ್ಟರಲ್ಲಿ ಗಾಡಿ ಕಲ್ಲಿನಿಂದ ಜರುಗಿತು. ಅವಳು ಒಮ್ಮೆ ನೀರನ್ನು ನೋಡಿದಳು. ತಾನೇ ಮೊರದ ಸೀರೆಯ ಮಡಿಕೆ ಬಿಚ್ಚಿ, ಒಂದು ತುದಿಗೆ ಪೂಜೆಯ ತೆಂಗಿನಕಾಯಿ ಗಂಟು ಹಾಕಿ ಅಶ್ವತ್ಥಪ್ಪನತ್ತ ಎಸೆದಳು. ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡಳು. ಲಕ್ಕಣ್ಣ ಅವಳ ಹಿಂದೆ ನಿಂತು ಎಳೆದ. ಅಶ್ವತ್ಥಪ್ಪ ಒಂದು ಕೈಯಲ್ಲಿ ಸೀರೆ ಹಿಡಿದ. ಇನ್ನೊಂದು ಕೈ ಹ್ಯಾಂಡಲ್ ಬಿಡಲಿಲ್ಲ. ಸೀರೆ ಪರ್ರೆಂದು ಹರಿಯತೊಡಗಿತು. ಆಗ ಗಾಡಿ ಬಿಟ್ಟ.

ದಡದಲ್ಲಿ ಕೆಮ್ಮುತ್ತಾ ಅವನು, "ಬೇರೆ ಸೀರೆ ತಂದ್ಕೊಡ್ತೀನಿ ಕಣಮ್ಮ," ಎಂದ.

ಮುನಿಗಂಗಮ್ಮ ಕುಂಕುಮ ತೊಳೆದುಹೋಗಿದ್ದ ಆ ಹರಿದ ಸೀರೆಯನ್ನೇ ಹಿಂಡಿ, ಮಡಿಸಿ, ಬಗ್ಗಿ ಕೋಡಿಗೆ ಬಿಟ್ಟಳು.

"ಇವನ್ನ ನಮಗೆ ಕೊಟ್ಟೆ. ನಿಂದು ನೀನು ತಗಳವ್ವ."