ಇಪ್ಪತ್ತೆರಡು ತಲೆ

ಮೆಕ್ಸಿಕೋದ ಹಳೇ ಊರುಗಳನ್ನು ಒಂದೇ ದಿನದಲ್ಲಿ ಸುತ್ತಿಸುವ ಬಸ್ಸು ಮೂರನೇ ಊರಿನ ಚರ್ಚಿನೆದುರು ಹೊರಡಲು ನಿಂತಿತ್ತು. ಹೊರಗೆ ಢಂ ಢಂ ಎಂದಿತು.

“ಪಟಾಕಿ. ಏನೋ ಹಬ್ಬ ಇರಬೇಕು,” ಎಂದ ಟೂರ್ ಮ್ಯಾನೇಜರ್.

ಅಷ್ಟರಲ್ಲಿ ಆ ಊರಿನ ಹುಡುಗಿಯೊಬ್ಬಳು ತೋಳಿನಿಂದ ರಕ್ತ ಸುರಿಸುತ್ತ ಒಳನುಗ್ಗಿ, ವನಮಾಲಾಳ ಪಕ್ಕದಲ್ಲಿ ಕುಸಿದು ಕೈಮುಗಿದಳು. ಅದು ಗಂಡನ ಸೀಟು. ಅವರು ಇಸ್ಪೀಟಿಗೆಂದು ಹಿಂದೆ ಹೋಗಿದ್ದರು. ವನಮಾಲಾ ಹುಡುಗಿಗೆ ತನ್ನ ಶಾಲು ಹೊದಿಸಿ, ತನ್ನ ಹಣೆಯ ಬೊಟ್ಟು ಕಿತ್ತು ಅವಳ ಹಣೆಗೆ ಒತ್ತಿದಳು.

ಮುಸುಕು ಹಾಕಿದ ಇಬ್ಬರು ಬಂದೂಕು ಹಿಡಿದು ಹತ್ತಿದರು. ಒಬ್ಬ ಮ್ಯಾನೇಜರನ ಬಾಯಿಗೆ ಬಂದೂಕಿನ ಹಿಡಿಯಿಂದ ಗುದ್ದಿ ಕೇಳಿದ, “ಪ್ರವಾಸಿಗರು ಎಷ್ಟು?”

“ಇಪ್ಪತ್ತೆರಡು,” ಎಂದ ಮ್ಯಾನೇಜರ್, ಮುರಿದ ಹಲ್ಲು ಉಗುಳುತ್ತ.

ಮುಸುಕಿನವನು ನಳಿಗೆಯಿಂದ ಒಂದೊಂದೇ ತಲೆ ಕುಟ್ಟುತ್ತ ಎಣಿಸಿದ. ಒಂದು ತಲೆ ಹೆಚ್ಚಾದರೂ ಎಲ್ಲರ ಕಥೆ ಮುಗಿಯಿತೆಂದು ವನಮಾಲಾ ಕಣ್ಣು ಮುಚ್ಚಿದಳು. ಎಣಿಕೆ ಇಪ್ಪತ್ತೆರಡಕ್ಕೇ ನಿಂತಿತು. ಅವರು ಇಳಿದದ್ದೇ ತಡ, ಬಸ್ಸು ಊರು ಬಿಟ್ಟು ಓಡಿತು.

“ಇವಳೂ ಸೇರಿ ಇಪ್ಪತ್ಮೂರು ಆಗಬೇಕಿತ್ತು ಅಕ್ಕಾ! ಮುಟ್ಠಾಳರಿಗೆ ಎಣಿಸೋಕೂ ಬರಲ್ಲ,” ಎಂದು ಮ್ಯಾನೇಜರ್ ರಕ್ತದ ಬಾಯಲ್ಲೇ ನಕ್ಕ.

ವನಮಾಲಾಳಿಗೂ ನಗು ಬಂತು. “ರೀ, ಆಟ ಸಾಕು, ಮುಂದೆ ಬನ್ನಿ!” ಎಂದು ಕೂಗಿದಳು.

ಇಸ್ಪೀಟು ಹಿಡಿದಿದ್ದವನೊಬ್ಬ ಎದ್ದು ನಿಂತ. “ರಾಯರು ಮುಂದೆ ನಿಮ್ಮ ಹತ್ತಿರ ಇಲ್ವಾ ಅಕ್ಕಾ? ಚರ್ಚಿನ ಫೋಟೋ ತೆಗೀತೀನಿ ಅಂತ ಹಿಂದಿನ ಬಾಗಿಲಿಂದ ಇಳಿದ್ರು, ಆ ಪಟಾಕಿ ಹೊಡೆಯೋಕೆ ಮುಂಚೆ.”